ಅಪ್‌ಡೇಟ್: ದೊಡ್ಡಪ್ಪ ಇದ್ದದ್ದು ಕರಾಚಿ ಕಡೆಗಲ್ಲ

1971ರ ಯುದ್ಧದಲ್ಲಿ ನೌಕಾಪಡೆಯಲ್ಲಿದ್ದ ದೊಡ್ಡಪ್ಪ ಯಾವ ಹಡಗಿನಲ್ಲಿದ್ದರು ಅಂತ ಹುಡುಕೋದು ಹೇಗೆ ಎಂದು ಕೇಳಿದ್ದೆನಲ್ಲ, ಉತ್ತರ ಮನೆಯಲ್ಲೇ ಸಿಕ್ಕಿತು.

ನಮ್ಮಲ್ಲಿ ಎಲ್ಲರೂ ಹೇಳುತ್ತಿದ್ದದ್ದು ಕರಾಚಿ ದಾಳಿಯ ಕಥೆ, ಅಂದರೆ ಪಶ್ಚಿಮದಲ್ಲಿ ಪಾಕಿಸ್ತಾನದ ಆ ಬಂದರಿನ ಮೇಲೆ ನಮ್ಮ ನೌಕಾಪಡೆ ಮಾಡಿದ ದಾಳಿ. ನಿಮ್ಮಲ್ಲೊಬ್ಬರು ಮೊದಲು ಪದಕ ನೋಡಿ ಅಂದಿರಿ. ದೊಡ್ಡಮ್ಮನ ಟ್ರಂಕ್ ತೆಗೆದರೆ ಹಳೇ ಕರ್ಚೀಫಿನಲ್ಲಿ ಸುತ್ತಿಟ್ಟ ಐದು ಮೂಲೆಯ ಕಂಚಿನ ನಕ್ಷತ್ರ, ಕಪ್ಪಾಗಿತ್ತು. ಅದು ಪೂರ್ವಿ ಸ್ಟಾರ್, ಆ ಯುದ್ಧದಲ್ಲಿ ಪೂರ್ವದ ಕಡೆ ಇದ್ದವರಿಗೆ ಕೊಟ್ಟ ಪದಕ. ಪಶ್ಚಿಮದಲ್ಲಿ ಹೋರಾಡಿದವರಿಗೆ ಕೊಟ್ಟದ್ದು ಪಶ್ಚಿಮಿ ಸ್ಟಾರ್. ಅಂದರೆ ಇವರಿದ್ದದ್ದು ಬಂಗಾಳ ಕೊಲ್ಲಿಯಲ್ಲಿ!

ಪದಕದ ಕೆಳಗಿದ್ದ ಸರ್ವಿಸ್ ಪುಸ್ತಕದಲ್ಲಿ ಹಡಗಿನ ಹೆಸರೂ ಇತ್ತು: ವಿಕ್ರಾಂತ್, ನಮ್ಮ ವಿಮಾನವಾಹಕ ನೌಕೆ. ಕೆಲಸ ಹಡಗು ಓಡಿಸುವ ಹಬೆ ತಯಾರಾಗುವ ಬಾಯ್ಲರ್ ರೂಮಿನಲ್ಲಿ. ಇದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಆ ಯುದ್ಧದಲ್ಲಿ ವಿಕ್ರಾಂತದ ಒಂದು ಬಾಯ್ಲರ್ ಬಿರುಕು ಬಿಟ್ಟಿತ್ತು, ವೇಗ ಕಮ್ಮಿ ಮಾಡಿಕೊಂಡೇ ಓಡಿಸಿದರು. ವಿಮಾನ ಹಾರಿಸುವ ಕೆಟಪಲ್ಟಿಗೂ ಬೇಕಾದದ್ದು ಅದೇ ಹಬೆ. ಡಿಸೆಂಬರ್ 4ರಂದು ವಿಕ್ರಾಂತದ ಸೀ ಹಾಕ್ ವಿಮಾನಗಳು ಈಗಿನ ಬಾಂಗ್ಲಾದೇಶದ ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದಾಗ ಕೆಳಗೆ ಬಾಯ್ಲರ್ ಬೆಂಕಿ ನೋಡಿಕೊಳ್ಳುತ್ತಿದ್ದವರಲ್ಲಿ ನಮ್ಮವರೂ ಒಬ್ಬರು. ಕರಾಚಿ ಕಥೆಗಿಂತ ನನಗೆ ಇದೇ ಜಾಸ್ತಿ ಹಿಡಿಸಿತು. ಚಿಕ್ಕಪ್ಪ ಮಾತ್ರ ಇನ್ನೂ ಒಪ್ಪಿಲ್ಲ!

ಈ ಹಡಗನ್ನು ಹುಡುಕಿ ಬಂದ ಪಾಕಿಸ್ತಾನದ ಘಾಜಿ ಜಲಾಂತರ್ಗಾಮಿ ವಿಶಾಖಪಟ್ಟಣದ ಹತ್ತಿರ ಮುಳುಗಿತು. ಆ ಬಗ್ಗೆ ದೊಡ್ಡಪ್ಪ ಒಂದು ಮಾತೂ ಆಡಿರಲಿಲ್ಲ ನೋಡಿ.

ಪೂರ್ತಿ ದಾಖಲೆಗಾಗಿ ಮುಂಬೈನ ನಾವಿಕರ ದಾಖಲೆ ಕಚೇರಿಗೆ ದೊಡ್ಡಮ್ಮನ ಸಹಿಯಲ್ಲಿ ಅರ್ಜಿ ಹಾಕಿದ್ದೇವೆ. ಸರ್ವಿಸ್ ನಂಬರ್ ಪಿಂಚಣಿ ಕಾಗದದಲ್ಲೇ ಇತ್ತು.