ಅಪ್‌ಡೇಟ್: ಎಐಎಕ್ಸ್ ಸರ್ವರ್‌ನ ಕ್ರ್ಯಾಶ್ ಡಂಪ್ ಈಗ ಪೂರ್ತಿ ಸಿಗುತ್ತಿದೆ

ಕೊಪ್ಪಳದ ನಮ್ಮ ಕಾರ್ಖಾನೆಯ ಎಐಎಕ್ಸ್ (ಐಬಿಎಂನ ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್) ಸರ್ವರ್ ಕ್ರ್ಯಾಶ್ ಆದಾಗ ಡಂಪ್ (ಆ ಕ್ಷಣದ ಮೆಮೊರಿಯ ನಕಲು) ಅರ್ಧಕ್ಕೇ ನಿಲ್ಲುತ್ತಿದೆ ಅಂತ ಹೋದ ವಾರ ಕೇಳಿದ್ದೆ. ಸರಿಹೋಯಿತು!

ರೀಬೂಟ್ ಆಗುವಾಗ ಡಂಪ್ ನಕಲಾಗುವ ಕಾಪಿ ಡೈರೆಕ್ಟರಿಯ ಜಾಗ ಹೆಚ್ಚಿಸಿದ್ದು ಉಪಯೋಗಕ್ಕೆ ಬರಲಿಲ್ಲ. ಡಂಪ್ ಸೆಟ್ಟಿಂಗ್ ನೋಡುವ, ಬದಲಿಸುವ ‘ಸಿಸ್‌ಡಂಪ್‌ಡೆವ್’ ಕಮಾಂಡ್‌ಗೆ ‘-ಇ’ ಕೊಟ್ಟು ಡಂಪ್‌ನ ಅಂದಾಜು ಗಾತ್ರ ನೋಡಿ ಅಂದವರ ಮಾತೇ ನಿಜ. ನಮ್ಮ ಡಂಪ್ ಡಿವೈಸ್ (ಕ್ರ್ಯಾಶ್ ಆದಾಗ ಡಂಪ್ ಬರೆಯುವ ಜಾಗ) ಅದಕ್ಕಿಂತ ಚಿಕ್ಕದಿತ್ತು. ಸಿಸ್ಟಮ್ ಇರುವ ಡಿಸ್ಕ್ ಗುಂಪಾದ ರೂಟ್‌ವಿಜಿಯಲ್ಲೇ ದೊಡ್ಡ ಲಾಜಿಕಲ್ ವಾಲ್ಯೂಮ್ (ಡಿಸ್ಕ್ ಜಾಗದ ಒಂದು ಭಾಗ) ಮಾಡಿ ಅದನ್ನೇ ಪ್ರೈಮರಿ, ಅಂದರೆ ಮುಖ್ಯ ಡಂಪ್ ಡಿವೈಸ್ ಮಾಡಿದೆ.

ನನಗೆ ಗೊತ್ತಿಲ್ಲದಿದ್ದ ಸಂಗತಿ ಅಂದರೆ, ಈ ಅಂದಾಜು ಆ ಹೊತ್ತಿನ ಲೋಡ್ ಮೇಲೆ ನಿಂತಿದೆ. ಬೆಳಿಗ್ಗೆ ನೋಡಿದ್ದಕ್ಕಿಂತ ತಿಂಗಳ ಕೊನೆಯ ಬಿಲ್ಲಿಂಗ್ ಹೊತ್ತಲ್ಲಿ ಜಾಸ್ತಿ ಬಂತು. ಆ ದೊಡ್ಡ ಅಂದಾಜನ್ನೇ ಹಿಡಿಯಿರಿ. ಇನ್ನೊಂದು, ಡಿವೈಸ್ ಬದಲಿಸುವಾಗ ಅದನ್ನು ಕಾಯಂ ಮಾಡುವ ದೊಡ್ಡಕ್ಷರದ ‘-ಪಿ’ ಮರೆತರೆ ರೀಬೂಟ್ ಆದಮೇಲೆ ಹಳೇ ಡಿವೈಸೇ ವಾಪಸ್! ನನಗೆ ಹಾಗೇ ಆಗಿತ್ತು.

ಭಾನುವಾರ ರಾತ್ರಿ ಬೇಕಂತಲೇ ಡಂಪ್ ಮಾಡಿಸಿ ನೋಡಿದೆ, ಪೂರ್ತಿ ಬಂತು. ಸಹಾಯ ಮಾಡಿದ ಎಲ್ಲರಿಗೂ ಥ್ಯಾಂಕ್ಸ್.