ಸಹಾಯ ಬೇಕು: ಹಿತ್ತಲಿನ ಕೊಳದ ನೀರು ಸೋರುತ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ಹತ್ತಿರದ ಹಳ್ಳಿ. ಹಿತ್ತಲಲ್ಲಿ ಚಿರೇಕಲ್ಲಲ್ಲಿ ಕಟ್ಟಿ ಸಿಮೆಂಟ್ ಗಿಲಾವು ಮಾಡಿದ ಕೊಳ ಇದೆ, 3 ಅಡಿ ಆಳ. ತಾವರೆ ಇದೆ, ಮೀನೂ ಇವೆ. ಈಗ ದಿನಕ್ಕೆ 2 ಇಂಚು ನೀರು ಇಳಿಯುತ್ತಿದೆ.

ಬಿಸಿಲಿಗೆ ಆರುತ್ತಿರಬಹುದು ಅಂದುಕೊಂಡು, ಒಂದು ಬಕೆಟ್‌ನಲ್ಲಿ ಅದೇ ನೀರು ತುಂಬಿ ಕೊಳದ ಮೆಟ್ಟಿಲ ಮೇಲೆ ಇಟ್ಟು, ಎರಡಕ್ಕೂ ಗುರುತು ಹಾಕಿ ಮರುದಿನ ನೋಡಿದೆ. ಬಕೆಟ್‌ನಲ್ಲಿ ಕಾಲು ಇಂಚೂ ಇಳಿದಿರಲಿಲ್ಲ. ಹಾಗಾದರೆ ಸೋರಿಕೆಯೇ ಅಲ್ವಾ? ಹೊಸ ನೀರು ತುಂಬಿಸದೆ ಸುಮ್ನೆ ಬಿಟ್ಟೆ. ಹೊರಹೋಗುವ ಪಿವಿಸಿ ಪೈಪಿನ ಮಟ್ಟಕ್ಕೆ ಬಂದು ನಿಂತಿತು. ಮತ್ತೆ ತುಂಬಿಸಿ ಪೈಪಿನ ಸುತ್ತ ಸಿರಿಂಜಿನಲ್ಲಿ ಅರಿಶಿನ ನೀರು ಬಿಟ್ಟರೆ ಮೇಲ್ಭಾಗದ ಬಿರುಕಿನೊಳಗೆ ಎಳೆದುಕೊಂಡು ಹೋಯಿತು.

ಒಮ್ಮೆ ಸಿಮೆಂಟ್ ಮೆತ್ತಿದ್ದೆವು, ನುಣುಪಾದ ಪೈಪಿಗೆ ಹಿಡಿಯದೆ ಬಿಟ್ಟುಕೊಂಡಿತು. ಪೈಪನ್ನು ಮರಳುಕಾಗದದಲ್ಲಿ ಉಜ್ಜಿ ಎಪಾಕ್ಸಿ ಪುಟ್ಟಿ ಹಾಕಿದರೆ ನಿಲ್ಲುತ್ತದಾ? ಯಾವುದು ಮೀನಿಗೆ ತೊಂದರೆ ಕೊಡುವುದಿಲ್ಲ? ಹಸಿ ಸಿಮೆಂಟಿನ ಸುಣ್ಣದಂಶ ನೀರಿಗೆ ಬಿಟ್ಟರೆ ಮೀನು ಸಾಯುತ್ತವೆ, ಅದೇ ನನಗೆ ಜಾಸ್ತಿ ಭಯ. ಅಪ್ಪ ಸಾಕಿದ ಮೀನುಗಳು ಅವು. ಎಷ್ಟು ದಿನ ಡ್ರಮ್ಮಿನಲ್ಲಿ ಇಡಬೇಕು?

ಶಿರಸಿ, ಸಿದ್ದಾಪುರ ಕಡೆ ಇಂಥ ಕೆಲಸ ಮಾಡಿದವರಿದ್ದರೆ ದಯವಿಟ್ಟು ತಿಳಿಸಿ. ಮಳೆಗಾಲ ಹಿಡಿಯುವ ಮುಂಚೆ ಮುಗಿಸಬೇಕು, ಆಮೇಲೆ ಇಲ್ಲಿ ಏನೂ ಒಣಗುವುದಿಲ್ಲ.