ಕಿವಿ ಮಂದವಾದ ಅಪ್ಪನಿಗೆ ನಮ್ಮ ಮಾತನ್ನು ಕನ್ನಡ ಅಕ್ಷರದಲ್ಲಿ ತೋರಿಸೋದು ಹೇಗೆ?

ಕೇಳಿದ್ದು: ಅಪ್ಪನಿಗೆ 74. ಹಿಯರಿಂಗ್ ಏಡ್ ಇದ್ದರೂ ನಾಲ್ಕು ಜನ ಸೇರಿದ ಕಡೆ ಮಾತು ತಿಳಿಯಲ್ಲ. ಕನ್ನಡ ಚೆನ್ನಾಗಿ ಓದುತ್ತಾರೆ, ಇಂಗ್ಲಿಷ್ ಬರಲ್ಲ. ಆಡಿದ ಮಾತು ಫೋನಲ್ಲಿ ಕನ್ನಡದಲ್ಲೇ ಮೂಡುವ ಹಾಗೆ ಮಾಡಬಹುದಾ? ಡಾಕ್ಟರ ಹತ್ತಿರ ಹೋದಾಗ ಅದನ್ನು ನಂಬಬಹುದಾ? ಬಳಸಿದವರು ತಿಳಿಸಿ.

— ಆಂಡ್ರಾಯ್ಡ್ ಫೋನಾದರೆ ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ಅನ್ನೋ ಆ್ಯಪ್ ಹಾಕಿಕೊಡಿ, ಉಚಿತ. 2019ರಲ್ಲಿ ಬಂದದ್ದು, ಅಮೆರಿಕದ ಗ್ಯಾಲೊಡೆಟ್ ವಿಶ್ವವಿದ್ಯಾಲಯದ ಸಹಯೋಗದಲ್ಲಿ ರೂಪಿಸಿದ್ದು. ಕಿವಿ ಕೇಳದವರಿಗೆಂದೇ ಇರುವ ವಿಶ್ವವಿದ್ಯಾಲಯ ಅದು. ಪ್ಲೇ ಸ್ಟೋರಿನಿಂದ ಇಳಿಸಿ, ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿಯಲ್ಲಿ ಆನ್ ಮಾಡಿ, ಮೈಕ್ ಅನುಮತಿ ಕೊಡಿ. ಮುಖ್ಯ ಭಾಷೆ ಕನ್ನಡ ಇಡಿ, ಎರಡನೆಯದು ಇಂಗ್ಲಿಷ್. ಅಕ್ಷರದ ಗಾತ್ರ ಎಷ್ಟು ದೊಡ್ಡದಾಗುತ್ತೋ ಅಷ್ಟೂ ಮಾಡಿ. ಕನ್ನಡಕ್ಕೆ ನೆಟ್ ಬೇಕು. ನೆಲಮಾಳಿಗೆಯ ಕ್ಲಿನಿಕ್ಕುಗಳಲ್ಲಿ ಸಿಗ್ನಲ್ ಇಲ್ಲದೆ ಸಾಲು ಅರ್ಧಕ್ಕೇ ನಿಲ್ಲುತ್ತದೆ. ಇನ್ನೊಂದು: ವಾಕ್ಯ ಮುಗಿಯುವವರೆಗೂ ಪದಗಳು ತಾವಾಗಿ ಬದಲಾಗುತ್ತಿರುತ್ತವೆ. ಸಾಲು ನಿಂತ ಮೇಲೆ ಓದಿ ಅಂತ ಅವರಿಗೆ ಮೊದಲೇ ಹೇಳಿಕೊಡಿ, ಇಲ್ಲದಿದ್ದರೆ ಎರಡೇ ದಿನಕ್ಕೆ ಬೇಸತ್ತು ಪಕ್ಕಕ್ಕಿಡುತ್ತಾರೆ.

— ಆ್ಯಪ್‌ಗಿಂತ ಮೈಕೇ ಮುಖ್ಯ. ಮುಖ್ಯ ಮೈಕಿನ ತೂತು ಸಾಮಾನ್ಯವಾಗಿ ಫೋನಿನ ಕೆಳಗಿನ ಅಂಚಿನಲ್ಲಿರುತ್ತದೆ, ಆ ಅಂಚು ಮಾತಾಡುವವರ ಕಡೆಗಿರಲಿ, ಒಂದು ತೋಳಿನಳತೆಯೊಳಗೆ. ದಪ್ಪ ಕವರ್ ತೂತು ಮುಚ್ಚಿದೆಯಾ ನೋಡಿ. ಪರದೆ ಮೇಲಿನ ವೃತ್ತದ ಒಳಭಾಗ ಸುತ್ತಲಿನ ಗದ್ದಲವನ್ನೂ ಹೊರಭಾಗ ಮಾತಿನ ಜೋರನ್ನೂ ತೋರಿಸುತ್ತದೆ. ಎರಡೂ ಹತ್ತತ್ತಿರ ಬಂದರೆ ಫ್ಯಾನು, ಟಿವಿ ಆರಿಸಿ. ಗುಂಪಿನಲ್ಲಿ ಕಾಲರ್ ಮೈಕ್ ಒಳ್ಳೆಯದು, ಆದರೆ 3.5 ಮಿ.ಮೀ. ಪಿನ್ನಿನ ಮೇಲೆ ಮೂರು ಕಪ್ಪು ಗೆರೆ ಇರೋದನ್ನೇ ತಗೊಳ್ಳಿ. ಎರಡೇ ಗೆರೆ ಇರೋದು ಕ್ಯಾಮೆರಾಕ್ಕೆ ಮಾಡಿದ್ದು, ಫೋನ್ ಅದನ್ನು ಗುರುತಿಸಲ್ಲ. ಅಪ್ಪನ ಹಿಯರಿಂಗ್ ಏಡ್ ಬ್ಲೂಟೂತ್‌ನದ್ದಾದರೆ, ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಯಾವ ಮೈಕ್ ಆಯ್ಕೆಯಾಗಿದೆ ಅಂತಲೂ ನೋಡಿ. ಯಾರು ಮಾತಾಡಿದರು ಅಂತ ಇದು ಹೇಳಲ್ಲ. ಇಬ್ಬರು ಒಟ್ಟಿಗೆ ಮಾತಾಡಿದರೆ ಎಲ್ಲ ಕಲಸುಮೇಲೋಗರ.

— ಡಾಕ್ಟರ ವಿಷಯ. ಮಾತು ಹಿಡಿಯಲು ಸಾಕು, ಔಷಧಕ್ಕೆ ಸಾಲದು. ಕನ್ನಡದಲ್ಲಿ ಬೇಕು, ಬೇಡ ಎರಡೂ ವಾಕ್ಯದ ತುದಿಗೆ ಬರುತ್ತವೆ, ನಾವು ದನಿ ಇಳಿಸೋದೂ ಅಲ್ಲೇ. “ಊಟಕ್ಕೆ ಮುಂಚೆ ತಗೋಬೇಡಿ” ಅಂದದ್ದು ಬರೀ “ತಗೋ” ಅಂತ ನಿಂತರೆ ಗತಿ? ಮಾತ್ರೆ ಹೆಸರು, “ಒಂದೂವರೆ”, “ಅರ್ಧ” ಇವೂ ತಪ್ಪುತ್ತವೆ. ಹಾಗಾಗಿ ಡೋಸ್ ಮಾತ್ರ ಚೀಟಿಯಲ್ಲಿ 1-0-1 (ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು) ಅನ್ನೋ ಥರ ಬರೆಸಿಕೊಳ್ಳಿ. ಪದೇ ಪದೇ ಬರುವ ಮಾತ್ರೆ ಹೆಸರು, ಮನೆಯವರ ಹೆಸರುಗಳನ್ನು ಆ್ಯಪ್‌ನ ಪದಪಟ್ಟಿಗೆ ಸೇರಿಸಿದರೆ ಸ್ವಲ್ಪ ಸುಧಾರಿಸುತ್ತದೆ. ಹಿಸ್ಟರಿ ಆನ್ ಇದ್ದರೆ ಮನೆಗೆ ಬಂದು ಮತ್ತೆ ಓದಬಹುದು. ಮಾತು ಹೀಗೆ ಫೋನಲ್ಲಿ ಅಕ್ಷರವಾಗಿ ಉಳಿಯುತ್ತದೆ ಅಂತ ಡಾಕ್ಟರಿಗೆ ಮೊದಲೇ ಒಂದು ಮಾತು ಹೇಳಿಬಿಡಿ.

— ಧಾರವಾಡ ಕಡೆಯ “ಹೋಗ್ಯಾನ”, “ಬರಾಕತ್ತಾನ” ಥರದ ಮಾತಿಗೆ ತಡವರಿಸುತ್ತದೆ. ಪುಸ್ತಕದ ಕನ್ನಡ ಬೇಕಿಲ್ಲ, ಪದ ನುಂಗದೆ ನಿಧಾನ ಮಾತಾಡಿದರೆ ಬಹುಪಾಲು ಸರಿಯಾಗುತ್ತದೆ. ಕೂಗಬೇಡಿ, ಕೂಗಿದರೆ ದನಿ ಒಡೆದು ಇನ್ನೂ ಕೆಡುತ್ತದೆ.

— ಕೇಳಿದವರು: ಫೋನ್ ಕರೆಗೂ ಆಗುತ್ತಾ?

— ಅದೇ ಫೋನಲ್ಲಿ ಆಗಲ್ಲ, ಕರೆ ನಡೆಯುವಾಗ ಮೈಕ್ ಆ್ಯಪ್‌ಗೆ ಸಿಗಲ್ಲ. ಕರೆಯನ್ನು ಸ್ಪೀಕರಿಗೆ ಹಾಕಿ, ಎರಡನೇ ಫೋನಲ್ಲಿ ಆ್ಯಪ್ ತೆರೆದು ಅದರ ಕೆಳ ಅಂಚನ್ನು ಸ್ಪೀಕರಿನ ಹತ್ತಿರ ಇಡಿ. ಮನೆಯಲ್ಲಿ ಮೂಲೆಗೆ ಬಿದ್ದಿರುವ ಹಳೇ ಫೋನ್ ಇದಕ್ಕೆ ಸಾಕು, ಸಿಮ್ ಬೇಡ, ವೈಫೈ ಇದ್ದರಾಯಿತು.